ಅಮ್ಮಾ, ರಾತ್ರಿ ಹೊತ್ತು ನಂಗೆ ನಿನ್ನ ಕುಂಕುಮ ಮೂರು ಕಾಣ್ಸುತ್ತೆ

ಕ್ಯಾಲ್ಗರಿ, ಕೆನಡಾ
ಫೆಬ್ರವರಿ, ಭಾನುವಾರ ಬೆಳಗ್ಗೆ

ಅಮ್ಮಾ, ಅಕ್ಕಾ,

ಇಬ್ರಿಗೂ ಸೇರಿಸಿ ಒಂದೇ ಪತ್ರ. ಅಕ್ಕ, ಇದನ್ನ ಅಮ್ಮಂಗೆ ಪೂರ್ತಿ ಓದಿ ಹೇಳು, ಮಧ್ಯ ಮಧ್ಯ ನುಂಗ್ಬೇಡ.

ಅಮ್ಮ ಬೇಜಾರ್ ಮಾಡ್ಕೊಂಡಿದಾಳಂತೆ, ವಿಡಿಯೋ ಕಾಲಲ್ಲಿ ಇವ್ನು ಮುಖ ಕೊಟ್ಟು ಮಾತಾಡಲ್ಲ, ಎಲ್ಲೋ ನೋಡ್ತಾ ಹ್ಞೂ ಹ್ಞೂ ಅಂತಾನೆ, ಫಾರಿನ್ನಿಗೆ ಹೋಗಿ ಕೊಬ್ಬು ಬಂದಿದೆ ಅಂತ. ಅಮ್ಮಾ, ಕೊಬ್ಬೂ ಇಲ್ಲ ಎಂಥದೂ ಇಲ್ಲ. ನೀನು ಬೆಳಗ್ಗೆ ಎಂಟೂವರೆಗೆ ಕಾಫಿ ಕುಡಿದು ಫೋನ್ ಮಾಡ್ತೀಯ, ಆಗ ಇಲ್ಲಿ ಹಿಂದಿನ ದಿನದ ರಾತ್ರಿ ಎಂಟು ಗಂಟೆ, ಅಷ್ಟೊತ್ತಿಗೆ ನಾನು ಲೆನ್ಸ್ ತೆಗೆದು ಡಬ್ಬೀಲಿ ಹಾಕಿಟ್ಟು ಕೂತಿರ್ತೀನಿ. ಲೆನ್ಸ್ ಇಲ್ದೆ ಫೋನ್ ನೋಡಿದ್ರೆ ನಿನ್ ಹಣೇಲಿ ಒಂದರ ಕೆಳಗೊಂದು ಮೂರು ಕುಂಕುಮ, ಹಿಂದೆ ದೇವರ ಮನೆ ದೀಪ ಬಾಲ ಬಂದ ಧೂಮಕೇತು ತರ. ಯಾವ ಅಮ್ಮನ ಕಣ್ಣು ನೋಡಿ ಮಾತಾಡ್ಲಿ ಹೇಳು.

ಈಗ ಒಂದು ತಪ್ಪೊಪ್ಪಿಗೆ. 2015ರಲ್ಲಿ ದೀಪಾವಳಿಗೆ ರಜ ಸಿಗ್ಲಿಲ್ಲ ಅಂದಿದ್ನಲ್ಲ, ಅದು ಸುಳ್ಳು. ಬೆಂಗ್ಳೂರಲ್ಲಿ ರೂಮಲ್ಲಿ ಕರ್ಟನ್ ಎಳ್ಕೊಂಡು ಮಲಗಿದ್ದೆ, ಬಲಗಣ್ಣಿಗೆ ಸಿ ತ್ರೀ ಆರ್ ಅನ್ನೋ ಚಿಕಿತ್ಸೆ ಆಗಿತ್ತು. ಕಾಲೇಜಲ್ಲಿ ಆರಾರು ತಿಂಗಳಿಗೆ ಕನ್ನಡಕದ ನಂಬರ್ ಬದಲಾಗ್ತಿತ್ತಲ್ಲ, ಅಪ್ಪ ಮೊಬೈಲು ಮೊಬೈಲು ಅಂತ ಬೈತಿದ್ರಲ್ಲ, ಕನ್ನಡಕದ ಅಂಗಡಿಯವ್ರು ಪ್ರತಿ ಸಲ ಸಿಲಿಂಡರ್ ಪವರ್, ಅಂದ್ರೆ ಕಣ್ಣಿನ ಬಾಗು ಓರೆಕೋರೆ ಇದ್ರೆ ಹಾಕೋ ನಂಬರ್, ಜಾಸ್ತಿ ಮಾಡಿ ಕೊಡ್ತಿದ್ರು, ಒಬ್ರಾದ್ರೂ ಯಾಕೆ ಹೀಗೆ ಏರ್ತಿದೆ ಅಂತ ಕೇಳ್ಲಿಲ್ಲ. ಕೊನೆಗೆ ಬೆಂಗ್ಳೂರಲ್ಲಿ ಒಬ್ರು ಟೋಪೋಗ್ರಫಿ ಅಂತ ಸ್ಕ್ಯಾನ್ ಮಾಡಿದ್ರು, ಕಾರ್ನಿಯಾದ, ಅಂದ್ರೆ ಕಣ್ಣಿನ ಮುಂದಿನ ಪಾರದರ್ಶಕ ಪದರದ ಮ್ಯಾಪು ಅದು, ಏರು ತಗ್ಗು ಬಣ್ಣದಲ್ಲಿ ತೋರ್ಸುತ್ತೆ, ನಂದು ನೋಡಿದ್ರೆ ಮಧ್ಯಕ್ಕಿಂತ ಸ್ವಲ್ಪ ಕೆಳಗೆ ಕೆಂಪಗೆ ಕೆಂಡ ಇಟ್ಟ ಹಾಗೆ. ಸಾಮಾನ್ಯಕ್ಕೆ 43, 44 ಇರ್ಬೇಕಾದ ಬಾಗು ನಂಗೆ ಬಲಗಣ್ಣಲ್ಲಿ 54, ಎಡಗಣ್ಣಲ್ಲಿ 48. ದಪ್ಪ 540 ಮೈಕ್ರಾನ್ ಹತ್ತಿರ ಇರ್ಬೇಕಾದ್ದು 440. ಅಂದ್ರೆ ಕಾರ್ನಿಯಾ ತೆಳ್ಳಗಾಗಿ ಒಳಗಿನ ಒತ್ತಡಕ್ಕೆ ಮುಂದಕ್ಕೆ ಉಬ್ಬಿದೆ, ಹಳೇ ಸೈಕಲ್ ಟೈರಲ್ಲಿ ಸವೆದ ಕಡೆ ಟ್ಯೂಬ್ ಗುಳ್ಳೆ ಎದ್ದು ಬರುತ್ತಲ್ಲ ಹಾಗೆ. ಕೆರಟೋಕೋನಸ್ ಅಂತಾರೆ.

ಸಿ ತ್ರೀ ಆರ್ ಅಂದ್ರೆ ಗಾಬರಿ ಬೀಳ್ಬೇಡ. ಕಾರ್ನಿಯಾ ಮೇಲಿನ ತೆಳು ಪದರ ಕೆರೆದು ತೆಗ್ದು, ಅರ್ಧ ಗಂಟೆ ಹಳದಿ ಡ್ರಾಪ್ಸ್ ಬಿಡ್ತಾರೆ, ರೈಬೋಫ್ಲೇವಿನ್, ಬಿ ಕಾಂಪ್ಲೆಕ್ಸ್ ಮಾತ್ರೆ ನುಂಗಿದ್ರೆ ಉಚ್ಚೆ ಹಳದಿ ಆಗುತ್ತಲ್ಲ ಅದೇ ಬಿ-2, ಆಮೇಲೆ ಅರ್ಧ ಗಂಟೆ ಅಲ್ಟ್ರಾವಯಲೆಟ್ ಲೈಟ್. ಒಳಗಿನ ಎಳೆಗಳು ಒಂದಕ್ಕೊಂದು ಗಂಟು ಬಿದ್ದು ಗಟ್ಟಿಯಾಗ್ತವೆ. ಜರ್ಮನಿಯ ಡ್ರೆಸ್ಡನ್‌ನವ್ರು ಕಂಡುಹಿಡಿದಿದ್ದು, 2003ರಲ್ಲಿ ಮನುಷ್ಯರ ಮೇಲೆ ಮಾಡಿದ ಫಲಿತಾಂಶ ಪ್ರಕಟ ಮಾಡಿದ್ರು. ಉಬ್ಬಿದ್ದು ವಾಪಸ್ ಸರಿಯಾಗಲ್ಲ, ಇನ್ನೂ ಉಬ್ಬದ ಹಾಗೆ ತಡಿಯುತ್ತೆ, ಅದಕ್ಕೇ ಬೇಗ ಮಾಡಿಸ್ಬೇಕಿತ್ತು, ನಾನು ತಡ ಮಾಡ್ದೆ. ಮೂರು ದಿನ ಕಣ್ಣಿಗೆ ಮೆಣಸಿನಕಾಯಿ ಅರೆದು ಹಾಕಿದ ಹಾಗೆ ಉರೀತು, ಹೊರಗೆ ಪಟಾಕಿ ಸದ್ದು, ರೂಮ್‌ಮೇಟ್ ದರ್ಶಿನಿಯಿಂದ ಪಾರ್ಸಲ್ ತಂದು ಕೊಡ್ತಿದ್ದ. ನಿಂಗೆ ಹೇಳಿದ್ರೆ ರಾತ್ರಿ ಬಸ್ಸಿಗೆ ಸಾಗರದಿಂದ ಹೊರಟು ಬಂದ್ಬಿಡ್ತಿದ್ದೆ, ಅದಕ್ಕೇ ಹೇಳ್ಲಿಲ್ಲ.

ಈಗ ಹಾಕ್ಕೊಳ್ಳೋದು ಸ್ಕ್ಲೀರಲ್ ಲೆನ್ಸ್. ಎರಡು ಕಣ್ಣಿಗೂ ಸೇರಿ ಎರಡು ಸಾವಿರ ಡಾಲರ್ ದಾಟ್ತು, ಇನ್ಶೂರೆನ್ಸ್ ಒಂದಿಷ್ಟು ಕೊಡ್ತು, ರೂಪಾಯಿಗೆ ಗುಣಿಸ್ಬೇಡ ಅಮ್ಮಾ, ನಾನೂ ಗುಣಿಸೋದು ಬಿಟ್ಟಿದೀನಿ. ಮೊದ್ಲಿನ ಚಿಕ್ಕ ಗಟ್ಟಿ ಲೆನ್ಸು ಉಬ್ಬಿದ ಕಾರ್ನಿಯಾ ಮೇಲೇ ಕೂತ್ಕೊಂಡು ಉಜ್ತಿತ್ತು, ಗಾಳಿ ಬೀಸಿದ್ರೆ ಹಾರಿ ಬೀಳ್ತಿತ್ತು. ಇದು ದೊಡ್ಡದು, ಅಗಲ 16 ಮಿಲಿಮೀಟರ್, ಕಾರ್ನಿಯಾ ಮುಟ್ಟಲ್ಲ, ಅದರ ಮೇಲೆ ಕಮಾನು ಕಟ್ಟಿದ ಹಾಗೆ ನಿಂತು ಬಿಳಿ ಗುಡ್ಡೆ ಮೇಲೆ ಕೂರುತ್ತೆ, ಮಧ್ಯ ಸಲೈನ್ ನೀರು ನಿಂತಿರುತ್ತೆ.

ಬೆಳಗ್ಗೆ ಅದನ್ನ ಹಾಕ್ಕೊಳ್ಳೋದೇ ಒಂದು ಪೂಜೆ. ಕೈ ತೊಳೆದು, ಒಂದು ಎಳೆ ನೂಲೂ ಇರದ ಹಾಗೆ ಒರೆಸ್ಕೊಂಡು, ಮೇಜಿನ ಮೇಲೆ ಕನ್ನಡಿ ಮಲಗಿಸಿ, ಪುಟ್ಟ ರಬ್ಬರ್ ಕಡ್ಡಿ ತುದೀಲಿ ಲೆನ್ಸ್ ಕೂರಿಸಿ, ತೀರ್ಥ ತುಂಬಿದ ಹಾಗೆ ಅಂಚಿನವರೆಗೆ ಸಲೈನ್ ತುಂಬ್ಸಿ, ಗದ್ದ ಎದೆಗೆ ತಾಗೋ ಹಾಗೆ ಬಗ್ಗಿ, ಎರಡು ಬೆರಳಲ್ಲಿ ರೆಪ್ಪೆ ಅಗಲಿಸಿ ಕೆಳಗಿಂದ ಮೇಲಕ್ಕೆ ತರ್ಬೇಕು. ತಣ್ಣಗೆ ನೀರು ತಾಗಿದ ತಕ್ಷಣ ಕಣ್ಣು ಮುಚ್ಬೇಕು ಅನ್ಸುತ್ತೆ, ಮುಚ್ಬಾರ್ದು. ಒಂದೇ ಒಂದು ಗಾಳಿ ಗುಳ್ಳೆ ಒಳಗೆ ಸೇರಿದ್ರೂ ಎಲ್ಲ ತೆಗೆದು ಮತ್ತೆ ಮೊದಲಿಂದ. ಶುರುವಲ್ಲಿ ಒಂದು ಕಣ್ಣಿಗೆ ನಲವತ್ತು ನಿಮಿಷ, ಶರ್ಟೆಲ್ಲ ಒದ್ದೆ, ಅತ್ತಿದೀನಿ ಸಹ. ಈಗ ಎರಡಕ್ಕೂ ಸೇರಿ ಐದು ನಿಮಿಷ. ಕೂತ ಮೇಲೆ ಮಾತ್ರ ಎದುರು ಮನೆ ಮರದ ಕೊಂಬೆ ಮೇಲಿನ ಹಿಮ ಎಳೆ ಎಳೆಯಾಗಿ ಕಾಣ್ಸುತ್ತೆ, ಈಗಲೂ ದಿನಾ ಒಂದು ನಿಮಿಷ ಕಿಟಕೀಲಿ ನಿಲ್ತೀನಿ.

ತೆಗೆಯೋದೂ ಅದೇ ತರ ರಬ್ಬರ್ ಕಡ್ಡೀಲಿ, ಅಂಚಿಗೆ ಹಿಡಿದು ಎಬ್ಬಿಸ್ಬೇಕು, ಮಧ್ಯಕ್ಕೆ ಹಿಡಿದು ಎಳೆದ್ರೆ ಕಣ್ಣೇ ಬರುತ್ತೇನೋ ಅನ್ಸುತ್ತೆ. ಆಮೇಲೆ ಪೆರಾಕ್ಸೈಡಲ್ಲಿ ಆರು ಗಂಟೆ ನೆನೆಸ್ಬೇಕು, ಅಷ್ಟೊತ್ತಲ್ಲಿ ಅದು ನೀರಾಗುತ್ತೆ. ಒಂದಿನ ಮೀಟಿಂಗಿದೆ ಅಂತ ನಾಲ್ಕೇ ಗಂಟೆ ನೆನೆಸಿ ತೆಗೆದು ಹಾಕ್ಕೊಂಡೆ ನೋಡು, ಅಪ್ಪಾ, ನಮ್ಮ ಒಲೆ ಹೊಗೆ ಎಲ್ಲ ಅದರ ಮುಂದೆ ಪನ್ನೀರು. ಆ ಮೀಟಿಂಗೂ ಕ್ಯಾನ್ಸಲ್ ಆಯ್ತು.

ಇಷ್ಟರ ಮೇಲೆ ಇಲ್ಲಿನ ಒಣ ಹವೆ. ನಮ್ಮಲ್ಲಿ ಮಳೆಗಾಲದಲ್ಲಿ ಪಂಚೆ ಮೂರು ದಿನ ಆದ್ರೂ ಒಣಗಲ್ಲ, ಇಲ್ಲಿ ರಾತ್ರಿ ಹಾಕಿದ ಜೀನ್ಸು ಬೆಳಗ್ಗೆ ಹಪ್ಪಳ. ಹೊರಗೆ ಮೈನಸ್ ಇಪ್ಪತ್ತು, ಒಳಗೆ ಫರ್ನೇಸು ಬಿಸಿ ಗಾಳಿ ಊದುತ್ತೆ, ಮನೇಲಿ ತೇವದ ಮೀಟರ್ 18 ತೋರಿಸ್ತು. ಮಧ್ಯ ಶಿನೂಕ್ ಅಂತ ಬೆಟ್ಟದ ಕಡೆಯಿಂದ ಬಿಸಿ ಗಾಳಿ ಬಂದು ಒಂದೇ ದಿನದಲ್ಲಿ ಹಿಮ ಎಲ್ಲ ಕರಗಿಸಿ ಹೋಗುತ್ತೆ, ಅವತ್ತು ನನ್ ಕಣ್ಣಿಗೆ ಮರಳು ಎರಚಿದ ಹಾಗೆ. ಲೆನ್ಸ್ ಒಳಗೆ ನೀರಿದ್ರೂ ಹೊರಗಡೆ ಒಣಗುತ್ತೆ, ಮಧ್ಯಾಹ್ನ ಮೂರಕ್ಕೆ ಒಳಗಿನ ನೀರೂ ಮಜ್ಜಿಗೆ ನೀರಿನ ತರ ಮಬ್ಬಾಗುತ್ತೆ, ಆಫೀಸಲ್ಲಿ ತೆಗೆದು ಮತ್ತೆ ತುಂಬ್ಬೇಕು. ಡಾಕ್ಟ್ರು ಹೇಳಿದ್ದು, ಕಣ್ಣೀರಂದ್ರೆ ಬರೀ ನೀರಲ್ಲ, ಮೇಲೆ ಎಣ್ಣೆ ಪದರ ಇರ್ಬೇಕು, ಅದು ರೆಪ್ಪೆ ಅಂಚಿನ ಗ್ರಂಥಿಗಳಿಂದ ಬರುತ್ತೆ, ನಂದು ಚಳಿಗಾಲದ ತುಪ್ಪದ ಹಾಗೆ ಗಟ್ಟಿಯಾಗಿ ಕೂತಿದೆ ಅಂತ. ಅದಕ್ಕೆ ದಿನಾ ರಾತ್ರಿ ಹತ್ತು ನಿಮಿಷ ಬಿಸಿ ಬಟ್ಟೆ ಶಾಖ. ಪ್ರಿಸರ್ವೇಟಿವ್ ಇಲ್ದಿರೋ ಡ್ರಾಪ್ಸು, ಮಂಚದ ಪಕ್ಕ ಹ್ಯುಮಿಡಿಫೈಯರು. ಅದು ಹಂಡೆ ತರ ಬುಸ್ ಬುಸ್ ಅಂತಿರುತ್ತೆ, ನಮ್ಮನೆ ಬಚ್ಚಲು ಜ್ಞಾಪಕ ಬರುತ್ತೆ.

ಹರಳೆಣ್ಣೆ, ನಂದಿಬಟ್ಟಲು ಹೂವು, ಜೇನುತುಪ್ಪ ಅಂತೆಲ್ಲ ಶುರು ಮಾಡ್ಬೇಡ ಅಮ್ಮಾ, ಹೂವು ನೆನೆಸಿ ಮುಚ್ಚಿದ ಕಣ್ಣಿನ ಮೇಲೆ ಇಟ್ಕೋತೀನಿ ಬೇಕಾದ್ರೆ, ನಿನ್ ಸಮಾಧಾನಕ್ಕೆ, ಒಳಗೆ ಏನೂ ಬಿಡಲ್ಲ. ಅಪ್ಪು ಕಣ್ಣು ಕೊಟ್ರಲ್ಲ, ಹಂಗೆ ಯಾರದ್ದಾದ್ರೂ ಹಾಕಿಸ್ಕೋ ಅಂದ್ಯಂತೆ. ಇಡೀ ಕಣ್ಣು ಹಾಕಲ್ಲ, ಕಾರ್ನಿಯಾ ಮಾತ್ರ. 2021ರಲ್ಲಿ ಅಪ್ಪು ಅವರ ಎರಡು ಕಾರ್ನಿಯಾನ ಪದರ ಬಿಡಿಸಿ ನಾಲ್ಕು ಜನಕ್ಕೆ ಹಾಕಿದ್ರು. ನಂದು ಲೆನ್ಸಲ್ಲಿ ನಡೀತಿದೆ, ಸುಮಾರು ಜನಕ್ಕೆ ಹಾಗೇ ನಡಿಯುತ್ತೆ. ಇಲ್ಲದವರಿಗೆ ಸಿಗ್ಲಿ.

ಅಕ್ಕಾ, ಇನ್ಮುಂದೆ ನಿಂಗೆ, ಇಷ್ಟು ಬರೆದಿದ್ದೇ ಇದಕ್ಕೆ. ಹೋದ ವಾರ ವಿಡಿಯೋದಲ್ಲಿ ನಿನ್ ಮಗ ಪುಟ್ಟ, ಅಡಿಕೆ ರಾಶಿ ಪಕ್ಕ ಕೂತು ಎರಡೂ ಮುಷ್ಟೀಲಿ ಕಣ್ಣು ತಿರುವಿ ತಿರುವಿ ಉಜ್ಜಿದ ನೋಡು, ಅವತ್ತು ಲೆನ್ಸ್ ಹಾಕ್ಕೊಂಡಿದ್ದೆ, ಸರಿಯಾಗಿ ಕಂಡ್ತು, ಎದೆ ಧಸಕ್ ಅಂತು. ನಾನೂ ಅದೇ ವಯಸ್ಸಲ್ಲಿ ಅಡಿಕೆ ಸುಲಿಯೋ ಧೂಳು, ಆಲೆಮನೆ ಹೊಗೆ ಅಂತ ಗೆಣ್ಣು ಹಾಕಿ ಉಜ್ತಿದ್ದೆ, ಹಿತ ಅನ್ಸ್ತಿತ್ತು. ಉಜ್ಜಿದವ್ರಿಗೆಲ್ಲ ಬರುತ್ತೆ ಅಂತಲ್ಲ, ಆದ್ರೆ ಮನೇಲಿ ಒಬ್ರಿಗಿದೆ, ಅವನಿಗೆ ಹದಿಮೂರು, ಬರೋದೂ ಇದೇ ವಯಸ್ಸಿಂದ. ಬರೀ ಅಕ್ಷರ ಓದಿಸೋ ಟೆಸ್ಟ್ ಸಾಲಲ್ಲ, ಶಿವಮೊಗ್ಗಕ್ಕೆ ಕರ್ಕೊಂಡು ಹೋಗಿ ಕಾರ್ನಿಯಾ ಟೋಪೋಗ್ರಫಿ ಮಾಡಿಸ್ಬೇಕು ಅಂತ ಬಾಯಿಬಿಟ್ಟು ಕೇಳು. ಕಡಿತಕ್ಕೆ ಮೆಡಿಕಲ್ ಶಾಪಿನವ್ನು ಕೊಟ್ಟ ಡ್ರಾಪ್ಸ್ ಬಿಡ್ತಿದೀಯಲ್ಲ, ಅದರ ಹೆಸರು ಫೋಟೋ ಹೊಡೆದು ಕಳ್ಸು, ಸ್ಟೆರಾಯ್ಡ್ ಆಗಿದ್ರೆ ಕಣ್ಣಿನ ಪ್ರೆಷರ್ ಏರುತ್ತೆ, ಡಾಕ್ಟ್ರನ್ನ ಕೇಳ್ದೆ ಮುಂದುವರಿಸ್ಬೇಡ. ಪುಟ್ಟಂಗೆ ಬೈಬೇಡ, ಬೈದ್ರೆ ಮರೇಲಿ ಉಜ್ತಾನೆ, ನಂಗೊತ್ತು. ತಣ್ಣೀರು ಬಟ್ಟೆ ಕೊಡು ಒತ್ತಿಕೊಳ್ಳೋಕೆ. ಬಾಸ್ಕೆಟ್‌ಬಾಲ್ ಹುಚ್ಚಲ್ವಾ ಅವನಿಗೆ, ಅಮೆರಿಕದ ಆಟಗಾರ ಸ್ಟೆಫ್ ಕರ್ರಿಗೂ ಇದೇ ಇರೋದು, 2019ರಲ್ಲಿ ಅವನೇ ಹೇಳ್ಕೊಂಡಿದಾನೆ, ಲೆನ್ಸ್ ಹಾಕ್ಕೊಂಡೇ ಆಡ್ತಾನೆ ಅಂತ ಹೇಳು.

ಮೇ ತಿಂಗಳಿಗೆ ಟಿಕೆಟ್ ಆಗಿದೆ. ಫ್ಯಾನ್ ಕೆಳಗಲ್ಲದ ಒಂದು ಮೇಜು, ಒಂದು ಮಲಗಿಸೋ ಕನ್ನಡಿ ಸಾಕು ನಂಗೆ. ಸಲೈನ್ ನಾನೇ ತರ್ತೀನಿ, ನಮ್ ಬಾವಿ ನೀರು ಎಷ್ಟೇ ತಿಳಿಯಾಗಿದ್ರೂ ಲೆನ್ಸಿಗೆ ತಾಗಿಸೋ ಹಾಗಿಲ್ಲ, ಅದರಲ್ಲಿ ಇರ್ಬಹುದಾದ ಒಂದು ಜಾತಿ ಅಮೀಬಾ ಕಾರ್ನಿಯಾ ತಿಂದು ಹಾಕುತ್ತೆ, ಇಲ್ಲಿನ ನಲ್ಲಿ ನೀರಿಗೂ ಅದೇ ರೂಲ್ಸು. ಅಮ್ಮಾ, ಇನ್ನು ಫೋನ್ ಸೀರಿಯಲ್ ಮುಗಿದ ಮೇಲೆ ರಾತ್ರಿ ಎಂಟೂವರೆಗೆ ಮಾಡು, ನಂಗೆ ಬೆಳಗ್ಗೆ ಎಂಟು, ಲೆನ್ಸ್ ಹಾಕ್ಕೊಂಡು ಕೂತಿರ್ತೀನಿ. ಅಡಿಕೆ ರೇಟ್ ಎಷ್ಟಾಯ್ತು, ಕೊಟ್ರಾ ಇಟ್ಕೊಂಡಿದೀರಾ?

ನಿಮ್ಮ
ತಮ್ಮಣ್ಣ