ವಿಷಯ: ನೈಟ್ರಸ್ ಎಂಜಿನ್ನಿಗೆ ಕೇಳಿದ ಕ್ಯಾಮ್‌ಶಾಫ್ಟ್ ಬಿಟ್ಟು ಬೇರೆಯದನ್ನು ಕೊಟ್ಟು, ವಾಪಸು ಪಡೆಯಲು ಒಪ್ಪದ ಬಗ್ಗೆ ದೂರು

ಇವರಿಗೆ,
ಮಾಲೀಕರು,
ಎಂಜಿನ್ ಬಿಡಿಭಾಗಗಳ ಮಳಿಗೆ, ಡೆಟ್ರಾಯಿಟ್, ಮಿಷಿಗನ್

ಮಾನ್ಯರೇ,

ಫೋನಿನಲ್ಲಿ ಹೇಳಿದ್ದಾಯಿತು, ಇಮೇಲ್ ಬರೆದದ್ದಾಯಿತು, ಕಳೆದ ಶನಿವಾರ ನಿಮ್ಮ ಕೌಂಟರಿನ ಮುಂದೆ ನಿಂತು ಕೇಳಿದ್ದೂ ಆಯಿತು. ಅಲ್ಲಿ ಸಿಕ್ಕ ಉತ್ತರ ಕೇಳಿದ ಮೇಲೆ ಬಾಯಿಮಾತಿನಲ್ಲಿ ಹೇಳುವುದು ಏನೂ ಉಳಿದಿಲ್ಲ. ಕನ್ನಡ ಕೂಟದ ಯುಗಾದಿ ಸಂಚಿಕೆಯಲ್ಲಿ ಜಾಹೀರಾತು ನೋಡಿ, ನಮ್ಮವರ ಅಂಗಡಿ ಎಂದು ಬಂದವಳು ನಾನು. ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನನ್ನದು 1971ರ ಶೆವರ್ಲೆ ನೋವಾ. 350 ಸ್ಮಾಲ್ ಬ್ಲಾಕ್, ಅಂದರೆ 5.7 ಲೀಟರಿನ ವಿ8. ಕಂಪ್ರೆಷನ್ 10:1, ಆಟೊಮ್ಯಾಟಿಕ್ ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ 3.73, ಕಾರ್ಬ್ಯುರೇಟರಿನ ಕೆಳಗೆ 150 ಅಶ್ವಶಕ್ತಿ ಹೆಚ್ಚಿಸುವ ನೈಟ್ರಸ್ (ನೈಟ್ರಸ್ ಆಕ್ಸೈಡ್ ಅನಿಲ) ಪ್ಲೇಟ್. ಅದರ ಬಾಟಲಿ ತೆರೆಯುವುದು ಡ್ರ್ಯಾಗ್ ಸ್ಟ್ರಿಪ್‌ನಲ್ಲಿ ಮಾತ್ರ. ಉಳಿದಂತೆ ಸಿಗ್ನಲ್ಲಿನಲ್ಲಿ ನಿಂತು ಹೊರಡುವ ರಸ್ತೆಯ ಕಾರು. ಇಷ್ಟನ್ನೂ ನಿಮ್ಮ ಫಾರಂನಲ್ಲಿ ತುಂಬಿಕೊಟ್ಟಿದ್ದೇನೆ. ಪವರ್ ಬ್ರೇಕ್ ಇದೆಯೇ ಎಂಬ ಕಾಲಮ್ಮಿನಲ್ಲೂ ‘ಇದೆ’ ಎಂದೇ ಬರೆದಿದ್ದೇನೆ. ಅದನ್ನು ಓದಿ ನಿಮ್ಮವರೇ ಸೂಚಿಸಿದ್ದು ಹೈಡ್ರಾಲಿಕ್ ರೋಲರ್ ಕ್ಯಾಮ್, ಅಂದರೆ ವಾಲ್ವ್‌ಗಳನ್ನು ತೆರೆದು ಮುಚ್ಚುವ ದಂಡ. ವಾಲ್ವ್ ತೆರೆದಿರುವ ಅವಧಿ, ಅಂದರೆ ಡ್ಯುರೇಶನ್, 0.050 ಇಂಚು ಲಿಫ್ಟ್‌ನಲ್ಲಿ ಇನ್‌ಟೇಕ್ 224 ಡಿಗ್ರಿ, ಎಕ್ಸಾಸ್ಟ್ 236, ಲೋಬ್ ಸೆಪರೇಶನ್ (ಎರಡು ಲೋಬ್‌ಗಳ ತುದಿಗಳ ನಡುವಿನ ಕೋನ) 114. ಈ ಎಂಜಿನ್ನಿಗೆ ಒಪ್ಪುವ ಆಯ್ಕೆ ಅದು. ಅದಕ್ಕೇ ದುಡ್ಡು ಕಟ್ಟಿದೆ.

ಬಂದ ಡಬ್ಬಿಯ ಮೇಲೆ ಅದೇ ಪಾರ್ಟ್ ನಂಬರ್ ಇತ್ತು. ಒಳಗೆ ಅಳತೆಗಳನ್ನು ಬರೆದಿರುವ ಕ್ಯಾಮ್ ಕಾರ್ಡ್ ಇರಲಿಲ್ಲ. ಕ್ಯಾಮ್ ಕೂರಿಸಿ, ಎಂಜಿನ್ ಸ್ಟಾರ್ಟ್ ಮಾಡುವ ಮೊದಲೇ ಡಿಗ್ರಿ ವೀಲ್ ಮತ್ತು ಡಯಲ್ ಇಂಡಿಕೇಟರ್ ಕಟ್ಟಿ ಅಳೆದೆ. ಇನ್‌ಟೇಕ್ 236, ಎಕ್ಸಾಸ್ಟ್ 236, ಲೋಬ್ ಸೆಪರೇಶನ್ 106.

ಲೆಕ್ಕ ನಿಮಗೆ ಗೊತ್ತಿರುವಂಥದ್ದೇ. ಎರಡು ಡ್ಯುರೇಶನ್ ಕೂಡಿಸಿ ನಾಲ್ಕರಿಂದ ಭಾಗಿಸಿ, ಲೋಬ್ ಸೆಪರೇಶನ್ ಕಳೆದು, ಎರಡರಿಂದ ಗುಣಿಸಿದರೆ ಓವರ್‌ಲ್ಯಾಪ್. ನಾನು ದುಡ್ಡು ಕೊಟ್ಟ ಕ್ಯಾಮ್‌ನಲ್ಲಿ ಅದು 2 ಡಿಗ್ರಿ. ನೀವು ಕೊಟ್ಟದ್ದರಲ್ಲಿ 24. ಎರಡೂ ವಾಲ್ವ್ ತೆರೆದಿರುವ ಆ ಹೊತ್ತಿನಲ್ಲಿ ನೈಟ್ರಸ್ಸೂ ಅದರ ಜೊತೆಗೆ ಕೊಟ್ಟ ಪೆಟ್ರೋಲೂ ಉರಿಯದೇ ನೇರ ಎಕ್ಸಾಸ್ಟಿಗೆ ಹೋಗುತ್ತವೆ. ಬಾಟಲಿ ತುಂಬಿಸುವ ಖರ್ಚು ನನ್ನದು. ಇನ್ನೊಂದು ಕಡೆ, ತೂಕದ ಲೆಕ್ಕದಲ್ಲಿ ನೈಟ್ರಸ್‌ನಲ್ಲಿ ಆಮ್ಲಜನಕ ಶೇ. 36, ಗಾಳಿಯಲ್ಲಿ ಸುಮಾರು ಶೇ. 23. ಹೆಚ್ಚು ಉರಿದದ್ದು ಹೆಚ್ಚಾಗಿಯೇ ಹೊರಗೆ ಹೋಗಬೇಕು. ಸ್ಮಾಲ್ ಬ್ಲಾಕ್ ಹೆಡ್‌ಗಳಲ್ಲಿ ಎಕ್ಸಾಸ್ಟ್ ಪೋರ್ಟ್ ಮೊದಲೇ ಬಡಕಲು, ಆದ್ದರಿಂದಲೇ ಎಕ್ಸಾಸ್ಟ್ ಡ್ಯುರೇಶನ್ ಉದ್ದವಾಗಿರಬೇಕು, ವಾಲ್ವ್ ಬೇಗ ತೆರೆಯಬೇಕು. ನಿಮ್ಮ ಕ್ಯಾಟಲಾಗಿನ ಪ್ರಕಾರ ಅದು ಬಾಟಮ್ ಡೆಡ್ ಸೆಂಟರಿಗೆ (ಪಿಸ್ಟನ್ ತೀರಾ ಕೆಳಗೆ ಬರುವ ಬಿಂದು) 56 ಡಿಗ್ರಿ ಮೊದಲು ತೆರೆಯಬೇಕು. ನನ್ನ ಅಳತೆಯಲ್ಲಿ ತೆರೆದದ್ದು 48ಕ್ಕೆ. ಇನ್ನು ಬ್ರೇಕು: ಇಷ್ಟು ಓವರ್‌ಲ್ಯಾಪ್ ಇದ್ದರೆ ಐಡಲ್‌ನಲ್ಲಿ ವ್ಯಾಕ್ಯೂಮ್ ಬಿದ್ದುಹೋಗುತ್ತದೆ, ಬ್ರೇಕ್ ಬೂಸ್ಟರ್ ನಂಬಿಕೊಂಡಿರುವುದು ಅದನ್ನೇ. ಅಳೆಯದೆ ಹಾಗೇ ರಸ್ತೆಗೆ ಇಳಿಸಿದ್ದರೆ ಮೊದಲ ಸಿಗ್ನಲ್ಲಿನಲ್ಲೇ ಪೆಡಲ್ ಕಲ್ಲಾಗಿರುತ್ತಿತ್ತು. ಕಾರಿನಲ್ಲಿ ನನ್ನ ಮಗಳೂ ಕೂರುತ್ತಾಳೆ.

ಈಗ ಶನಿವಾರದ ವಿಷಯ. ನೀವು ಬಿಲ್ಲಿಂಗ್ ಮೇಜಿನ ಹಿಂದೆಯೇ ಇದ್ದಿರಿ. ಆದರೂ ಬರೆಯುತ್ತೇನೆ, ದಾಖಲೆಯಲ್ಲಿ ಇರಲಿ. ಡಬ್ಬಿಯನ್ನೂ ಅಳತೆಯ ಹಾಳೆಯನ್ನೂ ಕೌಂಟರಿನ ಮೇಲಿಟ್ಟೆ. ನಿಮ್ಮ ಸಲಹೆಗಾರ ಹಾಳೆ ನೋಡಲಿಲ್ಲ, ನನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡಿದರು.

“ಮನೆಯವರು ಬಂದಿಲ್ವಾ?”

“ಇಲ್ಲ. ಕಾರು ನನ್ನದು.”

“ಅದು ಸರಿ ಮೇಡಂ, ಎಂಜಿನ್ ಕಟ್ಟಿದವರನ್ನ ಕಳಿಸಿ, ಅವರ ಹತ್ರ ಮಾತಾಡ್ತೀನಿ.”

“ಕಟ್ಟಿದ್ದು ನಾನೇ.”

ಆಗ ಹಾಳೆ ಎತ್ತಿಕೊಂಡರು. ಓದುವುದಕ್ಕಲ್ಲ. ಪಕ್ಕದಲ್ಲಿ ನಿಂತಿದ್ದ ಗಿರಾಕಿಗೆ ತೋರಿಸಿ ಇಂಗ್ಲಿಷಿನಲ್ಲಿ ಏನೋ ಹೇಳಿದರು, ಇಬ್ಬರೂ ನಕ್ಕರು. ಮತ್ತೆ ನನ್ನ ಕಡೆ ತಿರುಗಿ, “ಯೂಟ್ಯೂಬ್ ನೋಡಿ ಬಂದ್ರೆ ಹೀಗೇ ಆಗೋದು. ನೈಟ್ರಸ್‌ಗೆ ಯಾವ ಕ್ಯಾಮ್ ಆದ್ರೇನು, ಬಟನ್ ಒತ್ತಿದ್ರೆ ಗಾಡಿ ಹೋಗುತ್ತೆ. ಇದರಲ್ಲಿ ಐಡಲ್ ಸೌಂಡ್ ಎಷ್ಟು ಚೆನ್ನಾಗಿ ಬರುತ್ತೆ ಗೊತ್ತಾ? ಜನ ತಿರುಗಿ ನೋಡ್ತಾರೆ” ಎಂದರು. ನಿಮ್ಮದೇ ಬೆಂಚಿನ ಮೇಲಿಟ್ಟು ಅಳೆಯಿರಿ, ನಾನು ಕಾಯುತ್ತೇನೆ ಎಂದೆ. ಟೈಮ್ ಇಲ್ಲ ಎಂದರು. ಲೂಬ್ ಹಚ್ಚಿದ ಕ್ಯಾಮ್ ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದರು. ಇನ್‌ವಾಯ್ಸಿನ ವಾಪಸಾತಿಯ ನಾಲ್ಕನೇ ಷರತ್ತು ತೋರಿಸಿದೆ. ಅದಕ್ಕೆ ಬಂದ ಉತ್ತರ: “ಹೋಗಮ್ಮ, ಮನೇಲಿ ಯಾರಾದ್ರೂ ತಿಳಿದವರಿದ್ರೆ ಕೇಳು.” ಮೇಡಂ ಎಂದು ಶುರುವಾದದ್ದು ಏಕವಚನಕ್ಕೆ ಇಳಿಯಿತು. ಡಬ್ಬಿಯನ್ನು ಮೊಣಕೈಯಿಂದ ಪಕ್ಕಕ್ಕೆ ತಳ್ಳಿ ಮುಂದಿನವರನ್ನು ಕರೆದರು. ನಾನು ನಿಮ್ಮ ಮುಖ ನೋಡಿದೆ. ನೀವು ಪ್ರಿಂಟರಿನ ಕಡೆ ತಿರುಗಿದಿರಿ. ಅವರ ಮಾತಿಗಿಂತ ನೀವು ತಿರುಗಿಕೊಂಡದ್ದು ನನಗೆ ಹೆಚ್ಚು ನೋವು ಕೊಟ್ಟಿತು.

ನಾಲ್ಕನೇ ಷರತ್ತು ಏನು ಹೇಳುತ್ತದೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ, ಬರೆದವರು ನೀವೇ. ಈ ಕ್ಯಾಮ್ ಹಾಕಿ ಎಂಜಿನ್ ಒಮ್ಮೆಯೂ ಸ್ಟಾರ್ಟ್ ಮಾಡಿಲ್ಲ. ಲೋಬ್‌ಗಳ ಮೇಲೆ ಲಿಫ್ಟರ್ ಉಜ್ಜಿದ ಗುರುತಿಲ್ಲ, ಫೋಟೋಗಳನ್ನು ಲಗತ್ತಿಸಿದ್ದೇನೆ. ನನಗೆ ಬೇಕಾದದ್ದು ಬಿಲ್ಲಿನಲ್ಲಿರುವ ಕ್ಯಾಮ್, ಅದರ ಕಾರ್ಡಿನ ಸಮೇತ, ಜೊತೆಗೆ ಮತ್ತೊಮ್ಮೆ ಬಿಚ್ಚಿದ್ದಕ್ಕೆ ಹಾಳಾದ ಇನ್‌ಟೇಕ್ ಮತ್ತು ಟೈಮಿಂಗ್ ಕವರ್ ಗ್ಯಾಸ್ಕೆಟ್‌ಗಳ ಬೆಲೆ. ಆ ಸಲಹೆಗಾರರ ಕ್ಷಮೆ ನನಗೆ ಬೇಡ. ಕೇಳಿಸಿಕೊಂಡರೂ ಸುಮ್ಮನಿದ್ದ ನೀವು ಬರಹದಲ್ಲಿ ಕ್ಷಮೆ ಕೇಳಬೇಕು.

ಬರುವ ಶುಕ್ರವಾರದೊಳಗೆ ಉತ್ತರ ಬಾರದಿದ್ದರೆ ಕ್ರೆಡಿಟ್ ಕಾರ್ಡ್ ಕಂಪನಿಯಲ್ಲಿ ಈ ಪಾವತಿಗೆ ತಕರಾರು ಹಾಕುತ್ತೇನೆ. 1976ರ ಮಿಷಿಗನ್ ಗ್ರಾಹಕ ರಕ್ಷಣಾ ಕಾಯ್ದೆಯಡಿ ರಾಜ್ಯದ ಅಟಾರ್ನಿ ಜನರಲ್ ಕಚೇರಿಗೆ ದೂರು ಹೋಗುತ್ತದೆ, ಅದರ ಕರಡು ಸಿದ್ಧವಾಗಿದೆ. ಅದಾದ ಮೇಲೆ, ಆಗಸ್ಟಿನ ಮೂರನೇ ಶನಿವಾರ ಹಳೆಯ ಕಾರುಗಳ ಮೇಳ ವುಡ್‌ವರ್ಡ್ ಡ್ರೀಮ್ ಕ್ರೂಸ್. ನನ್ನ ಕಾರು ಓಡದಿದ್ದರೂ ಟ್ರೇಲರಿನ ಮೇಲೆ ಅಲ್ಲಿಗೆ ಬರುತ್ತದೆ. ಅದರ ಮುಂದೆ ಮೇಜು ಹಾಕಿ ನಿಮ್ಮ ಡಬ್ಬಿ, ನಿಮ್ಮ ಬಿಲ್ಲು, ನೀವು ಕೊಟ್ಟ ಕ್ಯಾಮ್, ಒಂದು ಡಯಲ್ ಇಂಡಿಕೇಟರ್ ಇಡುತ್ತೇನೆ. ಅಳೆಯಲು ಬರುವ ಯಾರು ಬೇಕಾದರೂ ಅಳೆದು ನೋಡಲಿ.

ಇಂತಿ,
ನೋವಾ ಕಾರಿನ ಒಡತಿ, ನಿಮ್ಮ ಗ್ರಾಹಕಿ

ಲಗತ್ತು: ಇನ್‌ವಾಯ್ಸ್, ತುಂಬಿದ ಫಾರಂ, ಅಳತೆಯ ಹಾಳೆ, ಕ್ಯಾಮ್‌ನ ಫೋಟೋಗಳು