ದೂರು ಪತ್ರ: ಒಪ್ಪಿದ ಆಳಕ್ಕೆ ಕಂದಕ ತೋಡದೆ, ತೋರಿಸದೆ ಮುಚ್ಚಿರುವ ಬಗ್ಗೆ

ಇವರಿಗೆ,
ವ್ಯವಸ್ಥಾಪಕರು,
ಕಂದಕ ಮತ್ತು ಕೇಬಲ್ ಕಾಮಗಾರಿ ವಿಭಾಗ

ಇವರಿಂದ,
ಅಡಿಕೆ ಬೆಳೆಗಾರ,
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ

ವಿಷಯ: ತೋಟದ ಪಂಪಿನ ಕೇಬಲ್ ಕಂದಕವನ್ನು ತೆರೆದು, ಒಪ್ಪಂದದ ಆಳಕ್ಕೆ ಮತ್ತೆ ತೋಡಿಕೊಡುವ ಕುರಿತು.

ಮಾನ್ಯರೇ,

ನನ್ನ ಮನೆಯ ಮೀಟರ್ ಬೋರ್ಡಿನಿಂದ ತೋಟದ ಕೆಳತುದಿಯ ಕೊಳವೆಬಾವಿಯವರೆಗೆ ಸುಮಾರು 140 ಮೀಟರ್ ಉದ್ದಕ್ಕೆ ಚಿಕ್ಕ ಬ್ಯಾಕ್‌ಹೋ ಅಗೆಯುವ ಯಂತ್ರದಿಂದ ಕಂದಕ ತೋಡಿ, ಮೂರು ಫೇಸಿನ ಆರ್ಮರ್ಡ್ (ಲೋಹದ ಕವಚದ) ಕೇಬಲ್ ಮತ್ತು ಎಚ್‌ಡಿಪಿಇ ನೀರಿನ ಪೈಪನ್ನು ಹಾಕಿ ಮುಚ್ಚಿಕೊಡುವ ಕೆಲಸವನ್ನು ತಮ್ಮ ಸಂಸ್ಥೆಗೆ ವಹಿಸಿದ್ದೆ. ಕಂದಕದ ಅಗಲ 30 ಸೆಂ.ಮೀ., ಆಳ 90 ಸೆಂ.ಮೀ. ಇರಬೇಕೆಂದೂ, ಕೇಬಲ್ ಹಾಕಿದ ಮೇಲೆ ಮಣ್ಣು ಮುಚ್ಚುವ ಮೊದಲು ನನಗೆ ಅಳತೆ ತೋರಿಸಬೇಕೆಂದೂ ತಾವು ಕೊಟ್ಟ ದರಪಟ್ಟಿಯಲ್ಲೇ ಬರೆದಿದೆ. ಈ ಎರಡು ಮಾತುಗಳನ್ನೂ ತಮ್ಮ ಕೆಲಸಗಾರರು ಪಾಲಿಸಿಲ್ಲ. ನಾನು ಪೇಟೆಯಿಂದ ಮರಳುವಷ್ಟರಲ್ಲಿ ಕಂದಕ ಪೂರ್ತಿ ಮುಚ್ಚಿಹೋಗಿತ್ತು. ಕೇಳಿದರೆ, ಮಳೆ ಬರುವಂತಿತ್ತು, ಅದಕ್ಕೆ ಮುಚ್ಚಿಬಿಟ್ಟೆವು ಎಂದು ಆಪರೇಟರ್ ಹೇಳಿದರು.

ಮುಚ್ಚಿದ ಮಣ್ಣಿನ ಅಗಲ ನೋಡಿ ಅನುಮಾನ ಬಂದದ್ದರಿಂದ, ಮೇನ್ ಸ್ವಿಚ್ ಆಫ್ ಮಾಡಿ, ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಒಬ್ಬರ ಎದುರಿನಲ್ಲಿ ಮೂರು ಕಡೆ ಕೈಯಿಂದ ಮಣ್ಣು ಬಿಡಿಸಿ ಅಳೆಸಿದೆ. ಮನೆಯ ಹತ್ತಿರದ ಮೆತ್ತನೆಯ ಮಣ್ಣಿನಲ್ಲಿ ಆಳ ಹೆಚ್ಚುಕಡಿಮೆ ಸರಿಯಾಗಿದೆ. ತೋಟದೊಳಗೆ ತೆರೆದ ಎರಡೂ ಕಡೆ ಕಂದಕದ ತಳ 45 ಸೆಂ.ಮೀ.ಗೆ ನಿಂತಿದೆ, ಅಗಲ ಮಾತ್ರ 60 ಸೆಂ.ಮೀ. ಆಗಿದೆ. ಕಾರಣ ಅಲ್ಲೇ ಕಾಣುತ್ತದೆ: ಆ ಆಳದಲ್ಲಿ ಜಂಬಿಟ್ಟಿಗೆಯ (ಗಟ್ಟಿ ಕೆಂಪು ಕಲ್ಲಿನ) ಪದರ ಸಿಗುತ್ತದೆ, ಚಿಕ್ಕ ಯಂತ್ರದ ಬಕೆಟ್ ಹಲ್ಲುಗಳು ಅದರ ಮೇಲೆ ಗೀರು ಎಳೆದಿವೆಯೇ ಹೊರತು ಒಡೆದಿಲ್ಲ. ಅಂಥಲ್ಲಿ ಯಂತ್ರಕ್ಕೆ ಕಲ್ಲು ಒಡೆಯುವ ಬ್ರೇಕರ್ ಜೋಡಿಸಬೇಕಿತ್ತು, ಇಲ್ಲವೇ ಪಿಕಾಸಿ ಹಿಡಿದ ಆಳುಗಳಿಂದ ಒಡೆಸಬೇಕಿತ್ತು. ಅದಕ್ಕೆ ಹೆಚ್ಚಿನ ಹಣ ಬೇಕೆಂದು ಕೇಳಿದ್ದರೆ ನಾನು ಕೊಡುತ್ತಿದ್ದೆ. ಅದರ ಬದಲು ಅಗಲದ ಬಕೆಟ್ಟಿನಿಂದ ಮೇಲಿನ ಮೆತ್ತನೆಯ ಮಣ್ಣನ್ನೇ ಬಾಚಲಾಗಿದೆ. 30 ಸೆಂ.ಮೀ. ಅಗಲ, 90 ಸೆಂ.ಮೀ. ಆಳಕ್ಕೆ ತೋಡಿದರೆ ಮೀಟರ್ ಒಂದಕ್ಕೆ 0.27 ಘನ ಮೀಟರ್ ಮಣ್ಣು ಮೇಲೆ ಬರುತ್ತದೆ, 60 ಸೆಂ.ಮೀ. ಅಗಲ, 45 ಸೆಂ.ಮೀ. ಆಳಕ್ಕೆ ತೋಡಿದರೂ ಅಷ್ಟೇ ಬರುತ್ತದೆ. ಹೀಗಾಗಿ ಪಕ್ಕದ ರಾಶಿಯನ್ನಷ್ಟೇ ನೋಡಿದವರಿಗೆ ಕೆಲಸ ಸರಿಯಾಗಿ ನಡೆದಿದೆ ಎಂದೇ ಅನ್ನಿಸುತ್ತದೆ. ಇದೆಲ್ಲದರ ಮೇಲೆ, ಒಡೆಯದೇ ಬಿಟ್ಟ ಆ ಪದರಕ್ಕೆ ಬಿಲ್ಲಿನಲ್ಲಿ ‘ಗಟ್ಟಿ ಕಲ್ಲು ಅಗೆತ’ ಎಂದು ಪ್ರತ್ಯೇಕ ಮೊತ್ತ ಸೇರಿಸಿದ್ದೀರಿ. ಇದನ್ನು ನಾನು ಸಣ್ಣ ತಪ್ಪೆಂದು ಒಪ್ಪಲಾರೆ.

ಆಳದ ವಿಷಯದಲ್ಲಿ ನಾನು ಇಷ್ಟು ಪಟ್ಟು ಹಿಡಿಯುವುದು ಕಾಗದದಲ್ಲಿ ಬರೆದಿದೆ ಎಂಬ ಒಂದೇ ಕಾರಣಕ್ಕಲ್ಲ. ನೆಲದಡಿಯ ಕೇಬಲ್‌ಗಳಿಗೆ ಸಂಬಂಧಿಸಿದ ಭಾರತೀಯ ಮಾನಕ ಐಎಸ್ 1255, ಕಡಿಮೆ ವೋಲ್ಟೇಜಿನ ಕೇಬಲ್ ಕೂಡ ಕನಿಷ್ಠ 75 ಸೆಂ.ಮೀ. ಆಳದಲ್ಲಿರಬೇಕು ಎನ್ನುತ್ತದೆ. ಅಡಿಕೆ ತೋಟದ ನೆಲವೆಂದರೆ ಒಮ್ಮೆ ಮುಚ್ಚಿ ಮರೆತುಬಿಡುವ ನೆಲವಲ್ಲ. ಗೊಬ್ಬರ ಕೊಡಲು ಬುಡ ಬಿಡಿಸುತ್ತಾರೆ, ಸತ್ತ ಮರದ ಜಾಗದಲ್ಲಿ ಸಸಿ ಇಡಲು ಗುಂಡಿ ತೆಗೆಯುತ್ತಾರೆ, ಕಾಳುಮೆಣಸಿನ ಬಳ್ಳಿ ನೆಡುತ್ತಾರೆ, ಮಳೆಗಾಲಕ್ಕೆ ಮುಂಚೆ ಕಾಲುವೆ ಕೆರೆಯುತ್ತಾರೆ. ಹಾರೆ ಎತ್ತಿ ಕುಕ್ಕಿದರೆ 45 ಸೆಂ.ಮೀ. ಏನೂ ದೂರವಲ್ಲ. ತೆರೆದು ನೋಡಿದ ಕಡೆ ಕೇಬಲ್ಲಿನ ಕೆಳಗೂ ಮೇಲೂ ಮರಳಿನ ಹಾಸು ಇರಲಿಲ್ಲ, ಮೇಲೆ ಇಟ್ಟಿಗೆಯಾಗಲಿ ಎಚ್ಚರಿಕೆಯ ಟೇಪಾಗಲಿ ಇರಲಿಲ್ಲ. ಚೂಪಾದ ಕಲ್ಲುಗಳು ನೇರವಾಗಿ ಕೇಬಲ್ ಮೇಲೆಯೇ ಬಿದ್ದಿದ್ದವು. ನನ್ನ ತೋಟದಲ್ಲಿ ಕೆಲಸ ಮಾಡುವವರು ಬಹುತೇಕ ಬರಿಗಾಲಿನಲ್ಲಿ, ಒದ್ದೆ ನೆಲದಲ್ಲಿ ನಿಂತು ಕೆಲಸ ಮಾಡುವವರು. ಅವರಲ್ಲಿ ಒಬ್ಬರ ಹಾರೆ ಹರಿವ ವಿದ್ಯುತ್ತಿಗೆ ತಗುಲುವುದನ್ನು ನೆನೆಸಿಕೊಂಡು ನಾನು ಆ ಸಾಲಿಗೆ ಕರೆಂಟು ಕೊಡಲಾರೆ, ಕೊಟ್ಟಿಲ್ಲ. ಬೇಸಿಗೆಯ ಕೊನೆಯ ನೀರು ತೋಟಕ್ಕೆ ಅತ್ಯಗತ್ಯವಾಗಿದ್ದರೂ ಪಂಪು ನಿಂತಿದೆ.

ಬಸಿಗಾಲುವೆಗಳಿಗೆ ಆಗಿರುವ ಹಾನಿಯನ್ನು ತಾವು ಸ್ವತಃ ಬಂದು ನೋಡಬೇಕು. ಮಲೆನಾಡಿನ ಮಳೆಯನ್ನು ತಡೆದುಕೊಳ್ಳಲು ಮರದ ಸಾಲುಗಳ ನಡುವೆ ಬೇರಿನ ಮಟ್ಟಕ್ಕಿಂತ ಕೆಳಗೆ ಈ ಕಾಲುವೆಗಳನ್ನು ತೆಗೆದಿರುತ್ತೇವೆ. ತಮ್ಮ ಕಂದಕ ಅವುಗಳ ತಳಕ್ಕಿಂತ ಮೇಲೆಯೇ ಹಾದುಹೋಗಿರುವುದರಿಂದ, ಕೇಬಲ್ಲನ್ನು ಕಾಲುವೆಯ ಅಡಿಗೆ ಇಳಿಸುವ ಬದಲು ಕಾಲುವೆಯನ್ನೇ ಮಣ್ಣು ತುಂಬಿಸಿ ಮುಚ್ಚಲಾಗಿದೆ. ಜೂನ್ ತಿಂಗಳಲ್ಲಿ ನೀರು ಅಲ್ಲಿ ಕಟ್ಟಿ ನಿಲ್ಲುತ್ತದೆ. ಯಂತ್ರವನ್ನು ಗುರುತು ಹಾಕಿದ ಸಾಲಿನಿಂದ ಸರಿಸಿ ಓಡಿಸಿದ್ದರಿಂದ ಹಲವು ಮರಗಳ ಬುಡದಿಂದ ಮುಕ್ಕಾಲು ಮೀಟರಿನೊಳಗೆ ಬಕೆಟ್ ಹೊಕ್ಕು ಬೇರುಗಳು ಜಗ್ಗಿ ಹರಿದಿವೆ. ಅಡಿಕೆಗೆ ತಾಯಿಬೇರಿಲ್ಲ, ಬುಡದ ಸುತ್ತಲಿನ ಈ ಬೇರುಗಳೇ ಅದರ ಆಧಾರ. ಗಾಯಗೊಂಡ ಬೇರು, ಬಸಿಯದೆ ನಿಂತ ನೀರು, ಇವೆರಡೂ ಸೇರಿದ ಕಡೆ ಬುಡ ಕೊಳೆಸಿ ಮರವನ್ನು ಸಾಯಿಸುವ ಅಣಬೆ ರೋಗ ಕಾಲಿಡುತ್ತದೆ ಎಂಬುದು ಇಲ್ಲಿನ ಬೆಳೆಗಾರರಿಗೆಲ್ಲ ಗೊತ್ತು. ಫಲ ಕೊಡುವ ಮರ ಹೋದರೆ ಅದರ ಜಾಗದಲ್ಲಿ ಇನ್ನೊಂದು ಸಸಿ ಹಿಂಗಾರ ಬಿಡಲು ವರ್ಷಗಳೇ ಬೇಕು.

ಮನೆಗೂ ತೋಟಕ್ಕೂ ನಡುವಿನ ಪಂಚಾಯಿತಿ ರಸ್ತೆಯ ಅಂಚಿನಲ್ಲಿ ಕುಡಿಯುವ ನೀರಿನ ಪೈಪು ಒಡೆದದ್ದು ಇನ್ನೊಂದು ವಿಷಯ. ರಸ್ತೆ ದಾಟಲು ಅನುಮತಿ ತಂದುಕೊಟ್ಟಾಗಲೇ, ಅಲ್ಲಿ ಅಗೆಯುವ ಮುಂಚೆ ಊರಿಗೆ ನೀರು ಬಿಡುವ ನೀರುಗಂಟಿಯನ್ನು ಕರೆಯಿರಿ, ಆತ ಬಂದು ಪೈಪಿನ ಜಾಡು ತೋರಿಸುತ್ತಾನೆ ಎಂದು ನಾನು ತಮ್ಮ ಮೇಲ್ವಿಚಾರಕರಿಗೆ ಹೇಳಿದ್ದೆ. ಸಾರ್ವಜನಿಕ ಜಾಗದಲ್ಲಿ ಅಗೆಯುವವರು ನೆಲದಡಿಯ ಪೈಪು, ಕೇಬಲ್ಲುಗಳ ಒಡೆಯರಿಗೆ ಮೊದಲೇ ತಿಳಿಸಲೆಂದು ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಎಂಬ ಆ್ಯಪ್ ತಂದಿದೆ. ಇದೇ ಕಸುಬಿನ ಸಂಸ್ಥೆಗೆ ಅದು ಗೊತ್ತಿರಬೇಕು. ಪೈಪು ಇರಬಹುದಾದ ಕಡೆ ಬಕೆಟ್ ನಿಲ್ಲಿಸಿ ಕೈಯಿಂದ ಅಗೆಯುವುದು ಈ ಕೆಲಸದ ಮೊದಲ ಪಾಠ. ನೀರಿಲ್ಲದೆ ತೊಂದರೆಪಟ್ಟ ನೆರೆಮನೆಗಳವರಿಗೆ ಉತ್ತರ ಹೇಳಬೇಕಾದವನು ನಾನಾದೆ, ದುರಸ್ತಿಯ ಹಣವನ್ನೂ ನಾನೇ ಕಟ್ಟಿದೆ.

ಆದ್ದರಿಂದ ತಮ್ಮ ಸಂಸ್ಥೆ ಈ ಪತ್ರ ತಲುಪಿದ ಹತ್ತು ದಿನಗಳೊಳಗೆ ಕೆಲಸ ಪ್ರಾರಂಭಿಸಿ, ತೋಟದೊಳಗಿನ ಕಂದಕವನ್ನು ಪೂರ್ತಿ ತೆರೆಯಬೇಕು. ಕೇಬಲ್ ಇರುವ ಕಡೆ ಯಂತ್ರ ಬಳಸದೆ ಕೈಯಿಂದಲೇ ಮಣ್ಣು ತೆಗೆಸಬೇಕು. ಜಂಬಿಟ್ಟಿಗೆಯನ್ನು ಒಡೆದು 90 ಸೆಂ.ಮೀ. ಆಳ ಸಾಧಿಸಿ, ಬಸಿಗಾಲುವೆಗಳಿರುವಲ್ಲಿ ಅವುಗಳ ತಳದ ಕೆಳಗೆ ಗಟ್ಟಿ ಪೈಪಿನೊಳಗೆ ಕೇಬಲ್ಲನ್ನು ದಾಟಿಸಿ, ಮರಳು, ಇಟ್ಟಿಗೆ, ಎಚ್ಚರಿಕೆಯ ಟೇಪು ಹಾಕಬೇಕು. ಕಲ್ಲು ಬಿದ್ದ ಕೇಬಲ್ಲಿನ ಇನ್ಸುಲೇಷನ್ನನ್ನು, ಅದರ ನಿರೋಧ ಅಳೆಯುವ ಮೆಗ್ಗರ್‌ನಿಂದ ಪರೀಕ್ಷಿಸಿ ಫಲಿತಾಂಶವನ್ನು ಬರಹದಲ್ಲಿ ಕೊಡಬೇಕು. ಮಣ್ಣನ್ನು ಒಂದೇ ಸಲ ತಳ್ಳದೆ ಪದರ ಪದರವಾಗಿ ಹಾಕಿ ದಮ್ಮಸ್ಸು ಮಾಡಬೇಕು, ಮೇಲ್ಮಣ್ಣು ಮೇಲೆಯೇ ಬರಬೇಕು. ಈ ಬಾರಿ ನಾನು ಅಳತೆ ನೋಡಿ ಸಹಿ ಹಾಕುವವರೆಗೆ ಒಂದು ಬುಟ್ಟಿ ಮಣ್ಣೂ ಬೀಳಕೂಡದು. ‘ಗಟ್ಟಿ ಕಲ್ಲು ಅಗೆತ’ದ ಮೊತ್ತವನ್ನು ಬಿಲ್ಲಿನಿಂದ ತೆಗೆದು, ಪೈಪು ದುರಸ್ತಿಯ ಹಣವನ್ನು ಹಿಂದಿರುಗಿಸಬೇಕು. ಮರಗಳ ನಷ್ಟವನ್ನು ಮಳೆಗಾಲ ಕಳೆದ ಮೇಲೆ ಜಂಟಿಯಾಗಿ ನೋಡಿ ತೀರ್ಮಾನಿಸಲು ನಾನು ಸಿದ್ಧ.

ತಮ್ಮ ಆಪರೇಟರ್ ಮೇಲೆ ಕ್ರಮ ಕೈಗೊಳ್ಳಿ ಎಂದು ನಾನು ಕೇಳುತ್ತಿಲ್ಲ. ಗಟ್ಟಿ ನೆಲಕ್ಕೆ ಶಕ್ತಿ ಸಾಲದ ಯಂತ್ರ ಕೊಟ್ಟು, ಸಂಜೆಯೊಳಗೆ ಮುಗಿಸಲು ಹೇಳಿ ಕಳಿಸಿದವರ ಹೊಣೆ ಇದು.

ನಿಗದಿತ ಅವಧಿಯಲ್ಲಿ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವಾ ನ್ಯೂನತೆಗಾಗಿ ಜಿಲ್ಲಾ ಗ್ರಾಹಕರ ಆಯೋಗದ ಮೊರೆ ಹೋಗುತ್ತೇನೆ. ದರಪಟ್ಟಿ, ಬಿಲ್ಲು, ಅಳತೆಪಟ್ಟಿ ಹಿಡಿದು ತೆಗೆದ ಫೋಟೊಗಳು, ಎಲೆಕ್ಟ್ರಿಷಿಯನ್ ಸಹಿ ಮಾಡಿದ ಟಿಪ್ಪಣಿ ಮತ್ತು ಪೈಪು ದುರಸ್ತಿಯ ರಸೀದಿಯ ಪ್ರತಿಗಳನ್ನು ಲಗತ್ತಿಸಿದ್ದೇನೆ. ತೆರೆದ ಮೂರು ಗುಂಡಿಗಳನ್ನು ತಮ್ಮ ಎಂಜಿನಿಯರ್ ಬಂದು ನೋಡುವವರೆಗೆ ಮುಚ್ಚದೆ, ಸುತ್ತ ಬೇಲಿ ಕಟ್ಟಿಸಿ ಇರಿಸಿದ್ದೇನೆ. ಬೆಳಗ್ಗೆ ಎಂಟರ ನಂತರ ಯಾವ ದಿನ ಬಂದರೂ ನಾನು ತೋಟದಲ್ಲಿ ಸಿಗುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
(ಸಹಿ)