ಅಮೆರಿಕದ ದೊಡ್ಡ ಅಧ್ಯಕ್ಷ ಯಾರು? ಭಾನುವಾರದ ಚರ್ಚೆ ಬಗ್ಗೆ ಪೋಷಕರಿಗೆ ಪತ್ರ

ಪ್ರಿಯ ಪೋಷಕರಿಗೆ ನಮಸ್ಕಾರ.

ಅಮೆರಿಕದಲ್ಲಿರುವ ನಮ್ಮ ಭಾನುವಾರದ ಕನ್ನಡ ಶಾಲೆಯ ದೊಡ್ಡ ಮಕ್ಕಳು, ಅಂದರೆ ಏಳನೇ ಕ್ಲಾಸಿನಿಂದ ಮೇಲಿನವರು, ಅಧ್ಯಕ್ಷರ ನೆನಪಿನ ರಜಾದಿನವಾದ ಪ್ರೆಸಿಡೆಂಟ್ಸ್ ಡೇ ಹಿಂದಿನ ದಿನ ಒಂದು ಚರ್ಚೆ ನಡೆಸಲಿದ್ದಾರೆ. ಅಮೆರಿಕದ ಅಧ್ಯಕ್ಷರಲ್ಲಿ ಎಲ್ಲರಿಗಿಂತ ದೊಡ್ಡವರು ಯಾರು ಅನ್ನೋದೇ ವಿಷಯ. ಹೋದ ವಾರ ತಾಲೀಮು ಆಯಿತು. ಅದಾದ ಮೇಲೆ ವಾಟ್ಸಾಪ್ ಗುಂಪಿನಲ್ಲಿ ನಿಮ್ಮಲ್ಲಿ ಕೆಲವರು ಬರೆದದ್ದನ್ನು ಓದಿದೆ. ಅಲ್ಲೇ ಎರಡು ಸಾಲಿನಲ್ಲಿ ಉತ್ತರ ಕೊಟ್ಟರೆ ಸಾಲದು ಅನ್ನಿಸಿತು, ಅದಕ್ಕೇ ಈ ಪತ್ರ.

ಕನ್ನಡ ಶಾಲೆಯಲ್ಲಿ ಬಸವಣ್ಣ, ಕೆಂಪೇಗೌಡರನ್ನು ಬಿಟ್ಟು ಲಿಂಕನ್ ಯಾಕೆ ಅಂತ ಒಬ್ಬರು ಕೇಳಿದ್ದಾರೆ. ಅವರನ್ನು ಬಿಟ್ಟಿಲ್ಲ, ಅವರ ಪಾಠವೂ ನಡೆಯುತ್ತಿದೆ. ಆದರೆ ಈ ಮಕ್ಕಳು ಹುಟ್ಟಿ ಬೆಳೆದದ್ದು ಇಲ್ಲಿ. ನಾಳೆ ವೋಟು ಹಾಕುವುದೂ ಇಲ್ಲೇ. ವಾರವಿಡೀ ಸ್ಕೂಲಿನಲ್ಲಿ ಇಂಗ್ಲಿಷಿನಲ್ಲಿ ವಾದ ಮಾಡುವ ಇದೇ ಸಂಗತಿಗಳನ್ನು ಒಂದು ದಿನ ಕನ್ನಡದಲ್ಲೂ ವಾದ ಮಾಡಲಿ ಅನ್ನೋದು ನನ್ನ ಆಸೆ. ಹಬ್ಬ, ಊಟ, ಊರಿನ ಅಜ್ಜಿಗೆ ಫೋನು, ಇಷ್ಟಕ್ಕೇ ಕನ್ನಡ ಅಂತಾದರೆ ಹೈಸ್ಕೂಲು ಮುಗಿಯುವ ಹೊತ್ತಿಗೆ ಭಾಷೆ ಬಿಟ್ಟುಹೋಗುತ್ತದೆ. ಸಿಟ್ಟು ಬಂದಾಗಲೂ ಯೋಚನೆ ಮಾಡುವಾಗಲೂ ಕೈಗೆ ಸಿಕ್ಕಿದರೆ ಮಾತ್ರ ಉಳಿಯುತ್ತದೆ.

ಇನ್ನೊಬ್ಬ ತಂದೆ, ಉತ್ತರ ಲಿಂಕನ್ ಅಂತ ಗೊತ್ತೇ ಇದೆಯಲ್ಲ, ಚರ್ಚೆ ಏನಕ್ಕೆ ಅಂತ ಬರೆದಿದ್ದರು. ನಿಜ. 1948ರಲ್ಲಿ ಇತಿಹಾಸಕಾರ ಆರ್ಥರ್ ಶ್ಲೆಸಿಂಜರ್ 55 ಜನ ವಿದ್ವಾಂಸರನ್ನು ಕೇಳಿ ಪಟ್ಟಿ ಮಾಡಿದಾಗ ಮೊದಲು ಬಂದದ್ದು ಲಿಂಕನ್. ಸಿ-ಸ್ಪ್ಯಾನ್ ಅನ್ನುವ ಟಿವಿ ಸಂಸ್ಥೆ 2000, 2009, 2017, 2021ರಲ್ಲಿ ಇತಿಹಾಸಕಾರರನ್ನು ಕೇಳಿದಾಗಲೂ ಅವರೇ. ಆದರೆ ಪಟ್ಟಿಯ ಕೆಳಗೆ ಸ್ವಲ್ಪ ನೋಡಿ. 1948ರಲ್ಲಿ ಆ್ಯಂಡ್ರೂ ಜಾಕ್ಸನ್ ಆರನೇ ಸ್ಥಾನದಲ್ಲಿದ್ದರು. ಸಿ-ಸ್ಪ್ಯಾನ್ ಪಟ್ಟಿಯಲ್ಲಿ 2000ದಲ್ಲಿ 13, 2021ರಲ್ಲಿ 22. ಅದೇ ಅವಧಿಯಲ್ಲಿ ಇನ್ನೊಬ್ಬ ಅಧ್ಯಕ್ಷ ಗ್ರಾಂಟ್ 33ರಿಂದ 20ಕ್ಕೆ ಏರಿದರು. ಜಾಕ್ಸನ್ ತೀರಿಕೊಂಡದ್ದು 1845ರಲ್ಲಿ, ಆಮೇಲೆ ಅವರು ಹೊಸದಾಗಿ ಏನೂ ಮಾಡಿಲ್ಲ ಅಲ್ವಾ? 1830ರಲ್ಲಿ ಅವರು ಸಹಿ ಹಾಕಿದ ಕಾನೂನಿನಿಂದ ಚೆರೋಕಿ ಮತ್ತಿತರ ಮೂಲನಿವಾಸಿಗಳು ಮನೆ ಜಮೀನು ಬಿಟ್ಟು ಮಿಸಿಸಿಪ್ಪಿ ನದಿಯ ಆಚೆ ನಡೆದು ಹೋಗಬೇಕಾಯಿತು, ದಾರಿಯಲ್ಲಿ ಸಾವಿರಾರು ಜನ ಸತ್ತರು. ಅವರ ನೋವನ್ನು ಲೆಕ್ಕಕ್ಕೆ ಹಿಡಿಯುವವರು ಈಗ ಜಾಸ್ತಿ ಆಗಿದ್ದಾರೆ. ಲೆಕ್ಕ ಹೀಗೆ ಬದಲಾಗುತ್ತದೆ ಅನ್ನೋದನ್ನು ಮಕ್ಕಳು ಈಗಲೇ ನೋಡಬೇಕು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಈ ಚರ್ಚೆಗೆ ನಾನು ಒಂದು ನಿಯಮ ಇಟ್ಟಿದ್ದೇನೆ: ಪ್ರತಿ ಮಗುವೂ ತಾನು ಆರಿಸಿಕೊಂಡ ಅಧ್ಯಕ್ಷರು ಮಾಡಿದ ಅತಿ ಕೆಟ್ಟ ಕೆಲಸವನ್ನು ತಾನೇ ಬಾಯಿಬಿಟ್ಟು ಹೇಳಬೇಕು, ಎದುರಿನವರು ಎತ್ತುವ ಮೊದಲೇ. ಇದರಿಂದ ಕೆಲವು ಮಕ್ಕಳಿಗೆ ಬೇಜಾರಾಗಿದೆ ಅಂತ ಕೇಳಿದೆ. ಬೇಜಾರು ಆಗಲೇಬೇಕಾದ ಸಂಗತಿಗಳು ಅವು.

ಲಿಂಕನ್ ಪರ ಮಾತಾಡುವ ಹುಡುಗಿ ಆರಿಸಿಕೊಂಡದ್ದು ಮಿನ್ನೆಸೋಟದ ಮ್ಯಾಂಕೇಟೊ ಊರಿನಲ್ಲಿ ನಡೆದದ್ದನ್ನು. 1862ರಲ್ಲಿ ಸರ್ಕಾರ ಡಕೋಟಾ ಅನ್ನುವ ಮೂಲನಿವಾಸಿ ಜನರಿಗೆ ಒಪ್ಪಂದದ ಪ್ರಕಾರ ಕೊಡಬೇಕಿದ್ದ ಹಣ ಸಮಯಕ್ಕೆ ಬರಲಿಲ್ಲ, ಹಸಿವು ಶುರುವಾಯಿತು, ಜಗಳ ಯುದ್ಧವಾಯಿತು, ಎರಡೂ ಕಡೆ ಜನ ಸತ್ತರು. ಕೊನೆಗೆ ಮಿಲಿಟರಿ ವಿಚಾರಣೆ. ಕೆಲವು ವಿಚಾರಣೆಗಳು ಕೆಲವೇ ನಿಮಿಷಗಳಲ್ಲಿ ಮುಗಿದವು, ಆರೋಪಿಗಳಿಗೆ ವಕೀಲರೂ ಇರಲಿಲ್ಲ. 303 ಜನರಿಗೆ ಗಲ್ಲು ಶಿಕ್ಷೆ ಅಂತ ತೀರ್ಪಾಯಿತು. ಲಿಂಕನ್ ಆ ಕಾಗದಗಳನ್ನೆಲ್ಲ ತರಿಸಿಕೊಂಡು, ಸುಮ್ನೆ ಯುದ್ಧದಲ್ಲಿ ಇದ್ದವರು ಯಾರು, ಊರಿನ ಜನರನ್ನು ಕೊಂದವರು ಯಾರು ಅಂತ ಬೇರ್ಪಡಿಸಿ, ಗಲ್ಲಿನ ಪಟ್ಟಿಯನ್ನು 39ಕ್ಕೆ ಇಳಿಸಿದರು. ಅದರಲ್ಲೂ ಒಬ್ಬರಿಗೆ ಕೊನೆ ಗಳಿಗೆಯಲ್ಲಿ ಮಾಫಿ ಸಿಕ್ಕಿತು. ಡಿಸೆಂಬರ್ 26ರಂದು, ಕ್ರಿಸ್‌ಮಸ್ ಮಾರನೇ ದಿನ, 38 ಜನರನ್ನು ಒಂದೇ ವೇದಿಕೆಯ ಮೇಲೆ ಗಲ್ಲಿಗೇರಿಸಿದರು. ಈ ದೇಶದಲ್ಲಿ ಒಂದೇ ಸಲಕ್ಕೆ ಇಷ್ಟು ಜನರನ್ನು ಗಲ್ಲಿಗೆ ಹಾಕಿದ್ದು ಬೇರೆ ಯಾವಾಗಲೂ ಇಲ್ಲ. ಅದಾದ ಆರನೇ ದಿನ, 1863ರ ಜನವರಿ 1ರಂದು, ಅದೇ ಲಿಂಕನ್ ದಂಗೆ ಎದ್ದ ರಾಜ್ಯಗಳ ಗುಲಾಮರನ್ನು ಬಿಡುಗಡೆ ಮಾಡುವ ಘೋಷಣೆಗೆ ಸಹಿ ಹಾಕಿದರು.

"ಮೇಡಂ, ಇದರಲ್ಲಿ ಯಾವುದನ್ನು ಹೇಳಲಿ?" ಅಂತ ಆ ಹುಡುಗಿ ಕೇಳಿದಳು. ಎರಡನ್ನೂ ಹೇಳು, ತಾರೀಕು ಸಮೇತ ಹೇಳು ಅಂದೆ. ಅಷ್ಟು ಹೇಳಿಯೂ ಲಿಂಕನ್ನೇ ದೊಡ್ಡವರು ಅಂತ ಸಾಧಿಸಿದರೆ ಆ ಮಾತಿಗೆ ತೂಕ ಇರುತ್ತದೆ. ನನ್ನ ಕೇಳಿದರೆ, ನನಗೂ ಲಿಂಕನ್ನೇ ಮೊದಲು. ಒಂದು ವರ್ಷ ಪೂರ್ತಿ ಶಾಲೆಗೆ ಹೋಗದ ಮನುಷ್ಯ, ಉತ್ತರ ದಕ್ಷಿಣ ರಾಜ್ಯಗಳ ಅಂತರ್ಯುದ್ಧದ ನಡುವೆ, ಯಾರೂ ಸರಿಯಾಗಿ ಓದದೇ ಸಹಿ ಹಾಕಬಹುದಾಗಿದ್ದ ಆ ಕಾಗದಗಳನ್ನು ಕೂತು ಓದಿದರು.

ಫ್ರ್ಯಾಂಕ್ಲಿನ್ ರೂಸ್‌ವೆಲ್ಟ್ ಪರ ಇರುವ ಹುಡುಗನಿಗೂ ಇದೇ ಕಷ್ಟ. ವಯಸ್ಸಾದವರಿಗೆ ಪಿಂಚಣಿ ಕೊಡುವ 1935ರ ಸೋಷಿಯಲ್ ಸೆಕ್ಯುರಿಟಿ ಅವರದು. 1942ರ ಫೆಬ್ರವರಿ 19ರ ಆದೇಶವೂ ಅವರದೇ. ಅದರಿಂದ ಸುಮಾರು 1,20,000 ಜಪಾನಿ ಮೂಲದವರನ್ನು ಮುಳ್ಳುತಂತಿಯ ಶಿಬಿರಗಳಿಗೆ ಹಾಕಿದರು, ಅವರಲ್ಲಿ ಹೆಚ್ಚಿನವರು ಇಲ್ಲೇ ಹುಟ್ಟಿದ ನಾಗರಿಕರು. ವಾಷಿಂಗ್ಟನ್ ಎರಡು ಅವಧಿ ಮುಗಿಸಿ ತಾವಾಗಿಯೇ ಅಧಿಕಾರ ಬಿಟ್ಟು ಹೋದರು. ಅವರ ಮೌಂಟ್ ವರ್ನನ್ ತೋಟದಲ್ಲಿ 300ಕ್ಕೂ ಹೆಚ್ಚು ಗುಲಾಮರಿದ್ದರು.

ಲಿಂಡನ್ ಜಾನ್ಸನ್ ಹೆಸರನ್ನು ಮಕ್ಕಳು ಯಾರೂ ಎತ್ತಿರಲಿಲ್ಲ. ನಾನೇ ಒತ್ತಾಯ ಮಾಡಿ ಸೇರಿಸಿದೆ, ಯಾಕಂದರೆ ನಾವೆಲ್ಲ ಇಲ್ಲಿ ಇರುವುದಕ್ಕೂ ಅವರಿಗೂ ನೇರ ಸಂಬಂಧ ಇದೆ. 1923ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟು ಭಗತ್ ಸಿಂಗ್ ಥಿಂಡ್ ಅನ್ನುವವರ ಕೇಸಿನಲ್ಲಿ ಭಾರತದವರು ನಾಗರಿಕರಾಗುವ ಹಾಗಿಲ್ಲ ಅಂದಿತು. 1946ರಲ್ಲಿ ಟ್ರೂಮನ್ ಸಹಿ ಹಾಕಿದ ಕಾನೂನಿನಿಂದ ಬಾಗಿಲು ತೆರೆಯಿತು, ಆದರೆ ವರ್ಷಕ್ಕೆ 100 ಜನರಿಗೆ ಮಾತ್ರ. 1965ರ ಅಕ್ಟೋಬರ್ 3ರಂದು ಜಾನ್ಸನ್ ಲಿಬರ್ಟಿ ಪ್ರತಿಮೆಯ ಬುಡದಲ್ಲಿ ಕೂತು ಹೊಸ ವಲಸೆ ಕಾನೂನಿಗೆ ಸಹಿ ಹಾಕಿದ ಮೇಲೆಯೇ ನಮ್ಮ ಇಂಜಿನಿಯರುಗಳು, ಡಾಕ್ಟರುಗಳು ಸೂಟ್‌ಕೇಸ್ ಹಿಡಿದು ಬರಲು ಆದದ್ದು. ಕಪ್ಪು ಜನರು ರಸ್ತೆಯಲ್ಲಿ ಏಟು ತಿಂದು ಗಳಿಸಿದ ವೋಟಿನ ಹಕ್ಕಿನ ಕಾನೂನು ಬಂದದ್ದೂ ಅದೇ ವರ್ಷ. ಈ ಎರಡನ್ನೂ ನಮ್ಮ ಮಕ್ಕಳು ಒಟ್ಟಿಗೆ ಓದಬೇಕು. ಜಾನ್ಸನ್ನರ ಕೆಟ್ಟದ್ದು ಹುಡುಕಬೇಕಾಗಿಲ್ಲ: ವಿಯೆಟ್ನಾಂ. 58,000ಕ್ಕೂ ಹೆಚ್ಚು ಅಮೆರಿಕನ್ನರು ಆ ಯುದ್ಧದಲ್ಲಿ ಸತ್ತರು, ವಿಯೆಟ್ನಾಮಿನವರು ಇನ್ನೂ ಎಷ್ಟೋ ಪಟ್ಟು ಜಾಸ್ತಿ.

ಈಗ ನಿಮ್ಮಲ್ಲಿ ಕೆಲವು ಮನವಿಗಳು. ಬದುಕಿರುವ ಅಧ್ಯಕ್ಷರ ಹೆಸರು ಚರ್ಚೆಯಲ್ಲಿ ಬೇಡ. ನಮ್ಮ ಗುಂಪಿನಲ್ಲಿ ಎರಡೂ ಪಕ್ಷದವರು ಇದ್ದೀರಿ, ಮಕ್ಕಳ ವೇದಿಕೆ ಅಪ್ಪ ಅಮ್ಮಂದಿರ ಚುನಾವಣೆ ಆಗೋದು ಬೇಡ. ದಯವಿಟ್ಟು ಮಕ್ಕಳ ಭಾಷಣ ನೀವು ಬರೆದುಕೊಡಬೇಡಿ, ಕಂಪ್ಯೂಟರಿನಿಂದಲೂ ಬರೆಸಬೇಡಿ. ತಾಲೀಮಿನಲ್ಲಿ ಒಂದೆರಡು ಭಾಷಣಗಳಲ್ಲಿ ಮಗುವಿನ ನಾಲಿಗೆಗೆ ಹೊರಳದ ಪದಗಳೇ ತುಂಬಿದ್ದವು. ತಪ್ಪು ಕನ್ನಡ ಆದರೂ ಪರವಾಗಿಲ್ಲ, ತಿದ್ದಲು ನಾವಿದ್ದೇವೆ. ಅದರ ಬದಲು ರಾತ್ರಿ ಊಟಕ್ಕೆ ಕೂತಾಗ ಎದುರು ಪಕ್ಷ ವಹಿಸಿ ನಾಲ್ಕು ಪ್ರಶ್ನೆ ಕೇಳಿ, ಬಿಡದೇ ಕೇಳಿ. ಪ್ರತಿ ಮಗುವಿಗೆ ಕೊಟ್ಟ ಮೂರು ನಿಮಿಷ ಕಮ್ಮಿ ಆಯಿತು ಅಂದವರಿಗೆ: ಗೆಟ್ಟಿಸ್‌ಬರ್ಗ್ ಯುದ್ಧಭೂಮಿಯಲ್ಲಿ ಲಿಂಕನ್ ಮಾಡಿದ ಪ್ರಸಿದ್ಧ ಭಾಷಣ ಎರಡು ನಿಮಿಷದಷ್ಟು. ಅವರಿಗಿಂತ ಮೊದಲು ಆ ಕಾಲದ ಹೆಸರಾಂತ ಭಾಷಣಕಾರ ಎಡ್ವರ್ಡ್ ಎವರೆಟ್ ಎರಡು ಗಂಟೆ ಮಾತಾಡಿದ್ದರು.

ಊರಿನಿಂದ ಅಜ್ಜ ಅಜ್ಜಿ ಬಂದಿದ್ದರೆ ಖಂಡಿತ ಕರೆದುಕೊಂಡು ಬನ್ನಿ. 1966ರ ಬರಗಾಲದಲ್ಲಿ ಜಾನ್ಸನ್ ಭಾರತಕ್ಕೆ ಬಿಗಿ ಹಿಡಿದು ಹಿಡಿದು ಕಳಿಸಿದ ಗೋಧಿ, 1971ರ ಭಾರತ-ಪಾಕಿಸ್ತಾನ ಯುದ್ಧದಲ್ಲಿ ನಿಕ್ಸನ್ ಬಂಗಾಳ ಕೊಲ್ಲಿಗೆ ಕಳಿಸಿದ ಯುದ್ಧನೌಕೆ, ಇವನ್ನೆಲ್ಲ ಕಂಡ ಕಾಲದವರು ಅವರು. ಕೊನೆಯ ಅರ್ಧ ಗಂಟೆ ಪ್ರಶ್ನೆ ಕೇಳುವ ಹಕ್ಕು ಅವರಿಗೇ ಮೊದಲು. ಮಧ್ಯಾಹ್ನ 2 ಗಂಟೆಗೆ ಶುರು, ಮಕ್ಕಳು ಕಾಲು ಗಂಟೆ ಮುಂಚೆ ಬರಲಿ, ತಮ್ಮ ಕೈಬರಹದ ಟಿಪ್ಪಣಿ ತರಲಿ.

ನಿಮ್ಮ,
ಮುಖ್ಯ ಶಿಕ್ಷಕಿ